ಠಾಣೆಯೂ ಜಗಲಿಯೂ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಲೇಜುಗಳಿಗೆ ಸುತ್ತಣ ಹಳ್ಳಿಗಳ ಮಕ್ಕಳು ಓದಬರುವರು. ಬೀದಿಯಲ್ಲಿ ಹೊಡೆದಾಟವಾಗಿ ರಕ್ತ ಬಿದ್ದರೆ "ಪೊಲೀಸರೆಲ್ಲಿ?" ಎಂದು ಗೃಹಸ್ಥರು ಕೇಳುವರು, "ಕಂಡವರೆಲ್ಲಿ?" ಎಂದು ಪೊಲೀಸರು ಕೇಳುವರು. ಎರಡು ಪ್ರಶ್ನೆಗಳೂ ನ್ಯಾಯವಾದುವೇ.

ಕಂಡುದನ್ನು ಹೇಳದಂತೆ ನಮ್ಮನ್ನು ತಡೆಯುವುದು ಬಹುಮಟ್ಟಿಗೆ ಠಾಣೆಯ ಅಂಜಿಕೆ. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೆಯ ಕಲಮಿನಂತೆ, ಸಾಕ್ಷಿಗಳಾದ ಸ್ತ್ರೀಯರನ್ನೂ, 15 ವರ್ಷ ತುಂಬದ ಹುಡುಗರನ್ನೂ, 60 ದಾಟಿದ ಪುರುಷರನ್ನೂ ಠಾಣೆಗೆ ಬರಬೇಕೆಂದು ಬಲವಂತಪಡಿಸಕೂಡದು. ಅವರನ್ನು ಮನೆಯಲ್ಲಿಯೇ ವಿಚಾರಿಸತಕ್ಕುದು. 173ನೆಯ ಕಲಮಿನಂತೆ ಇಂತಹ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ದೂರಿತ್ತವರಿಗೆ ಅದರ ಪ್ರತಿ ಉಚಿತ.

ಪೊಲೀಸರು ಈ ಕಟ್ಟಳೆಯನ್ನು ಮರೆಯದಿರಲಿ. ಜಗಲಿಯಿಂದ ಕಂಡ ಗೃಹಿಣಿಯೂ ಬಾಯಿ ಮುಚ್ಚದಿರಲಿ. ಇಂದು ಪೆಟ್ಟು ತಿಂದವನು ಪರರ ಮಗ. ನಾಳೆ ನಮ್ಮವನೇ ಆದಾನು.