ಕ್ಯಾಲ್ಸಿಯಂ ಕಡಿಮೆಯಿದ್ದರೆ ವಿಟಮಿನ್ ಡಿ ಮಾತ್ರೆ ನುಂಗಿದರೆ ಸಾಕೇ?

ಕೈಕಾಲು ಜೋಮು, ಮೂಳೆನೋವು, ಸುಸ್ತು ಇದ್ದರೆ ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದರ್ಥ, ಮೆಡಿಕಲ್ ಶಾಪಿನಿಂದ 60,000 ಯೂನಿಟ್‌ನ ವಿಟಮಿನ್ ಡಿ ತಂದು ತಗೊಳ್ಳಿ ಎಂಬ ಸಲಹೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ಕಿಡ್ನಿಗೆ ಕುತ್ತು ತರಬಲ್ಲದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರು ಇದನ್ನು ತಿಳಿದುಕೊಳ್ಳಲು ಇನ್ನೊಂದು ಕಾರಣವೂ ಇದೆ: ಬೋರ್‌ವೆಲ್ ನೀರು.

ವಿಟಮಿನ್ ಡಿ ಮಾಡುವ ಕೆಲಸವೇನು?

ನಾವು ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ವಿಟಮಿನ್ ಡಿ ಬೇಕು. ಅದು ಇಲ್ಲದಿದ್ದರೆ ಶೇ. 10ರಿಂದ 15ರಷ್ಟು ಮಾತ್ರ ಸೇರುತ್ತದೆ, ಸಾಕಷ್ಟಿದ್ದರೆ ಶೇ. 30ರಿಂದ 40ರಷ್ಟು. ಆದರೆ ಬಿಸಿಲಿನಿಂದ ಬಂದ ಅಥವಾ ಮಾತ್ರೆಯಲ್ಲಿ ನುಂಗಿದ ವಿಟಮಿನ್ ನೇರವಾಗಿ ಕೆಲಸ ಮಾಡುವುದಿಲ್ಲ. ಮೊದಲು ಲಿವರ್, ಆಮೇಲೆ ಕಿಡ್ನಿ ಅದನ್ನು ಬದಲಾಯಿಸಬೇಕು. ಕಿಡ್ನಿಗೆ ಆ ಆದೇಶ ಕೊಡುವುದು ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು.

ಬಿಸಿಲೂ ಇದೆ, ರಾಗಿಯೂ ಇದೆ, ಆದರೂ ಕೊರತೆ ಏಕೆ?

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ವಯಸ್ಕರಿಗೆ ದಿನಕ್ಕೆ ಬೇಕಿರುವುದು 1,000 ಮಿಲಿಗ್ರಾಂ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂನ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿಸಿದರೆ ಅಥವಾ ಹುದುಗಿಸಿದರೆ ಈ ಫೈಟೇಟ್ ಕಡಿಮೆಯಾಗುತ್ತದೆ. ಹಾಗಾಗಿ ಮುದ್ದೆಯ ಜೊತೆ ಹಾಲು, ಮೊಸರು, ಮಜ್ಜಿಗೆ, ಸೊಪ್ಪು, ಎಳ್ಳು ಇದ್ದರೆ ಒಳ್ಳೆಯದು. ಬಿಸಿಲಿನ ನಾಡಾದ ತಿರುಪತಿ ಸುತ್ತಮುತ್ತ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಆರೋಗ್ಯವಂತರಲ್ಲೇ ವಿಟಮಿನ್ ಡಿ ಕೊರತೆ ವ್ಯಾಪಕವಾಗಿ ಕಂಡಿತ್ತು. ಊರಲ್ಲಿ ಬಿಸಿಲಿದ್ದರೆ ಸಾಲದು, ಅದು ಚರ್ಮಕ್ಕೆ ತಾಗಬೇಕು.

ಹೆಸರು ಒಂದೇ, ಔಷಧಿ ಎರಡು

ವಾರಕ್ಕೊಂದು ತೆಗೆದುಕೊಳ್ಳುವ 60,000 ಯೂನಿಟ್‌ನ ಪುಡಿ ಅಥವಾ ಮಾತ್ರೆ ಕೊಲೆಕ್ಯಾಲ್ಸಿಫೆರಾಲ್. ಇದು ಕಚ್ಚಾ ರೂಪದ ವಿಟಮಿನ್. ಕೊರತೆ ಇರುವವರಿಗೆ ವೈದ್ಯರು ಸಾಮಾನ್ಯವಾಗಿ ಕೆಲವು ವಾರಗಳ ಮಟ್ಟಿಗೆ ಮಾತ್ರ ಬರೆದುಕೊಡುತ್ತಾರೆ.

ಕ್ಯಾಲ್ಸಿಟ್ರಿಯಾಲ್ ಎಂಬುದು ಕಿಡ್ನಿ ಬದಲಾಯಿಸಿದ ಮೇಲೆ ಸಿಗುವ ಸಿದ್ಧ ರೂಪ. ಇದರ ಪ್ರಮಾಣ 0.25 ಮೈಕ್ರೋಗ್ರಾಂನಷ್ಟು ಸಣ್ಣದು, ಕೆಲಸ ಮಾತ್ರ ಚುರುಕು. ಥೈರಾಯ್ಡ್ ಆಪರೇಷನ್ ವೇಳೆ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾದವರಿಗೆ ಮತ್ತು ಕೆಲವು ಕಿಡ್ನಿ ರೋಗಿಗಳಿಗೆ ಇದನ್ನು ಕೊಡುತ್ತಾರೆ. ಇವರ ದೇಹ ಕಚ್ಚಾ ವಿಟಮಿನ್ನನ್ನು ಸರಿಯಾಗಿ ಬದಲಾಯಿಸಿಕೊಳ್ಳಲಾರದು. ಇಂಥವರು ಫಾರ್ವರ್ಡ್ ಓದಿ ತಮ್ಮ ಮಾತ್ರೆ ನಿಲ್ಲಿಸಿ ವಾರದ ಪುಡಿಗೆ ಬದಲಾದರೆ ಕ್ಯಾಲ್ಸಿಯಂ ದಿಢೀರ್ ಕುಸಿದು ಫಿಟ್ಸ್ ಬರಬಹುದು. ಇನ್ನೊಬ್ಬರ ಚೀಟಿ ನೋಡಿ ಕ್ಯಾಲ್ಸಿಟ್ರಿಯಾಲ್ ನುಂಗುವುದೂ ಅಷ್ಟೇ ಅಪಾಯ.

ಹೆಚ್ಚಾದರೆ ಏನಾಗುತ್ತದೆ?

ವಯಸ್ಕರಿಗೆ ದಿನಕ್ಕೆ ಬೇಕಾದ ವಿಟಮಿನ್ ಡಿ 600 ಯೂನಿಟ್. ಅಂದರೆ 60,000 ಯೂನಿಟ್‌ನ ಒಂದು ಮಾತ್ರೆ 100 ದಿನದ ಲೆಕ್ಕ. ವಾರಕ್ಕೊಂದು ಎಂದು ಬರೆದದ್ದನ್ನು ದಿನಕ್ಕೊಂದು ಎಂದುಕೊಂಡು ನುಂಗುತ್ತಾ ಹೋದರೆ ಅದು ಕೊಬ್ಬಿನಲ್ಲಿ ಶೇಖರವಾಗಿ ರಕ್ತದ ಕ್ಯಾಲ್ಸಿಯಂ ಏರುತ್ತದೆ. ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ವಾಂತಿ, ಮಂಕು ಇದರ ಲಕ್ಷಣಗಳು. ಕಿಡ್ನಿ ಕಲ್ಲು, ಕಿಡ್ನಿ ವೈಫಲ್ಯದವರೆಗೂ ಹೋಗಬಹುದು. ಮಾತ್ರೆ ನಿಲ್ಲಿಸಿದರೂ ಪರಿಣಾಮ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ.

ನೋವಿಗೆ ಕಾರಣ ನೀರೂ ಆಗಿರಬಹುದು

ಚಿತ್ರದುರ್ಗ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲುನೋವು, ಕುತ್ತಿಗೆ ಮತ್ತು ಬೆನ್ನಿನ ಬಿಗಿತ ಬರುತ್ತದೆ. ಇದನ್ನೇ ಕ್ಯಾಲ್ಸಿಯಂ ಕೊರತೆ ಎಂದು ತಪ್ಪಾಗಿ ತಿಳಿಯುವುದು ಸುಲಭ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಫ್ಲೋರೈಡ್‌ನ ಹಾನಿ ಇನ್ನೂ ಹೆಚ್ಚುತ್ತದೆ ಎಂಬುದು ನಿಜ. ಆದರೆ ವಿಟಮಿನ್ ಡಿ ಮಾತ್ರೆ ನೀರಿನ ಫ್ಲೋರೈಡನ್ನು ತೆಗೆಯುವುದಿಲ್ಲ. ನೀರು ಕುದಿಸಿದರೂ ಅದು ಹೋಗುವುದಿಲ್ಲ. ನೀರಿನ ಮೂಲ ಬದಲಾಗಬೇಕು, ಇಲ್ಲವೇ ಸರಿಯಾಗಿ ಕೆಲಸ ಮಾಡುವ ಶುದ್ಧೀಕರಣ ಘಟಕದ ನೀರು ಬೇಕು.

ಹಾಗಾದರೆ ಏನು ಮಾಡಬೇಕು?

• ಮೊದಲು ಪರೀಕ್ಷೆ. ರಕ್ತದ ಕ್ಯಾಲ್ಸಿಯಂ ಸಾಮಾನ್ಯವಾಗಿ ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಇರುತ್ತದೆ. ಕಡಿಮೆಯಿದ್ದರೆ ಆಲ್ಬುಮಿನ್, ಮೆಗ್ನೀಸಿಯಂ, ಕಿಡ್ನಿ ಪರೀಕ್ಷೆ, ಪ್ಯಾರಾಥೈರಾಯ್ಡ್ ಹಾರ್ಮೋನು ನೋಡಿ ವೈದ್ಯರು ಕಾರಣ ಹುಡುಕುತ್ತಾರೆ. ಮೆಗ್ನೀಸಿಯಂ ಕಡಿಮೆಯಿದ್ದರೆ ಅದನ್ನು ಸರಿಪಡಿಸುವವರೆಗೆ ಕ್ಯಾಲ್ಸಿಯಂ ಮೇಲೇಳುವುದು ಕಷ್ಟ.
• ಫಿಟ್ಸ್, ಹೃದಯದ ಮಾತ್ರೆ ತಗೊಳ್ಳುವವರು ಮತ್ತು ಕಿಡ್ನಿ ಕಲ್ಲು ಇದ್ದವರು ಅದನ್ನು ವೈದ್ಯರಿಗೆ ಮೊದಲೇ ಹೇಳಿ.
• ಬಾಯಿ ಸುತ್ತ ಜುಮ್ಮೆನ್ನುವುದು, ಕೈಬೆರಳು ಸೆಟೆದುಕೊಳ್ಳುವುದು, ಫಿಟ್ಸ್ ಕಂಡರೆ ಮಾತ್ರೆ ಹುಡುಕುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.
• ಮನೆಯಲ್ಲಿ ಈಗಾಗಲೇ ಯಾರಾದರೂ ವಿಟಮಿನ್ ಡಿ ತಗೊಳ್ಳುತ್ತಿದ್ದರೆ ಇವತ್ತೇ ಚೀಟಿ ನೋಡಿ: ಯಾವ ಔಷಧಿ, ದಿನಕ್ಕೋ ವಾರಕ್ಕೋ, ಎಷ್ಟು ವಾರ?