ಮುಳ್ಳನ್ನು ಮುಳ್ಳಿನಿಂದಲೇ ತೆಗೆಯೋಣ

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬುದು ನಮ್ಮ ಹಿರಿಯರ ಮಾತು. ಈ ಮಾತು ಹೊಲದ ಹುಳುಗಳಿಗೂ ಸಲ್ಲುತ್ತದೆಂಬುದನ್ನು ವಿಜ್ಞಾನವು ತೋರಿಸಿಕೊಟ್ಟಿದೆ. ಬೆಳೆಯನ್ನು ತಿನ್ನುವ ಹುಳುವಿದ್ದರೆ ಆ ಹುಳುವನ್ನೇ ತಿನ್ನುವ ಮತ್ತೊಂದು ಜೀವಿಯೂ ಪ್ರಕೃತಿಯಲ್ಲಿ ಇದ್ದೇ ಇರುತ್ತದೆ. ಹೀಗಿರುವಾಗ ಹುಳು ಕಂಡೊಡನೆ ವಿಷದ ಡಬ್ಬಿಗೆ ಕೈ ಹಾಕುವುದು ಸರಿಯೇ? ಸರಿಯಲ್ಲವೆಂಬುದೇ ನಮ್ಮ ಅಭಿಪ್ರಾಯ.

ರಾಯದುರ್ಗ, ಮಡಕಶಿರಾ ಸೀಮೆಯವರಾದ ನಾವು ಮಳೆಯನ್ನು ನಂಬಿ ಬದುಕುವವರು. ಅನಂತಪುರದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 550 ಮಿಲಿಮೀಟರ್ ಮಾತ್ರ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಜಿಲ್ಲೆ ಎರಡಾದರೂ ರೈತನ ಕಷ್ಟ ಒಂದೇ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಕೆಂಪು ಕಂಬಳಿಹುಳುವಿನ ಪತಂಗಗಳು ನೆಲದಿಂದೆದ್ದು ಕಡಲೆಕಾಯಿ ಹೊಲದಲ್ಲಿ ಮೊಟ್ಟೆಯಿಡುತ್ತವೆ. ಗೊಣ್ಣೆಹುಳು ಮಣ್ಣಿನೊಳಗೇ ಅಡಗಿದ್ದು ಬೇರನ್ನು ಕಡಿಯುತ್ತದೆ. ಹಿಪ್ಪುನೇರಳೆ ಬೆಳೆದು ರೇಷ್ಮೆ ಸಾಕುವ ಮನೆಗಳಿಗೆ ಊಜಿ ನೊಣದ ಕಾಟ ಬೇರೆ.

ಮೊದಲು ಊಜಿಯ ವಿಷಯವನ್ನೇ ನೋಡೋಣ. ಈ ನೊಣವು 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದು ಸೇರಿತು. ಇದು ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿ ರೇಷ್ಮೆಹುಳುವಿನೊಳಗೆ ಕೊರೆದು ಅದನ್ನೇ ತಿಂದು ಬೆಳೆಯುತ್ತದೆ. ಹುಳುಮನೆಯಲ್ಲಿ ಕೀಟನಾಶಕ ಸಿಂಪಡಿಸೋಣವೆಂದರೆ ನೊಣದೊಡನೆ ರೇಷ್ಮೆಹುಳುವೂ ಸಾಯುತ್ತದೆ! ಆಗ ನೆರವಿಗೆ ಬಂದದ್ದು ನೆಸೊಲಿಂಕ್ಸ್ ಥೈಮಸ್ ಎಂಬ ಅತಿ ಸಣ್ಣ ಕಣಜ. ಇದು ಊಜಿಯ ಕೋಶವನ್ನು ಹುಡುಕಿ ಅದರೊಳಗೆ ತನ್ನ ಮೊಟ್ಟೆಗಳನ್ನಿಡುತ್ತದೆ. ಕೋಶದಿಂದ ನೊಣ ಬರುವ ಬದಲು ಕಣಜಗಳು ಹೊರಬರುತ್ತವೆ. ರೇಷ್ಮೆಹುಳುವಿನ ತಂಟೆಗೆ ಇದು ಹೋಗುವುದಿಲ್ಲ. ವಿಷವು ಮಾಡಲಾರದ ಕೆಲಸವನ್ನು ಒಂದು ಕಣಜ ಮಾಡಿತಲ್ಲವೇ?

ಇನ್ನೊಂದು ಉದಾಹರಣೆ ಪರಂಗಿಯ ಹಿಟ್ಟು ತಿಗಣೆಯದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಈ ಕೀಟ ಪರಂಗಿಯನ್ನಷ್ಟೇ ಅಲ್ಲದೆ ಹಿಪ್ಪುನೇರಳೆಯನ್ನೂ ಹಾಳುಮಾಡಿತು. ಮೈಗೆಲ್ಲ ಮೇಣದ ಹಿಟ್ಟು ಬಳಿದುಕೊಂಡ ಅದಕ್ಕೆ ಔಷಧಿ ಸರಿಯಾಗಿ ತಾಗುತ್ತಿರಲಿಲ್ಲ. ಬೆಂಗಳೂರಿನ ವಿಜ್ಞಾನಿಗಳು 2010ರಲ್ಲಿ ಅದರ ಸಹಜ ಶತ್ರುಗಳಾದ ಪರಾವಲಂಬಿ ಕಣಜಗಳನ್ನು ಪೋರ್ಟೊ ರಿಕೊದಿಂದ ತರಿಸಿ, ಪರೀಕ್ಷಿಸಿ, ಬೆಳೆಸಿ ಬಿಟ್ಟರು. ತಿಗಣೆಯ ಹಾವಳಿ ಅಡಗಿತು.

ಮಣ್ಣಿನೊಳಗಿನ ಗೊಣ್ಣೆಹುಳುವಿಗೂ ಮದ್ದುಂಟು. ಅದೇ ನೆಮಟೋಡ್ ಎಂದು ಕರೆಯುವ ಜಂತುಹುಳು. ಬೇರುಗಂಟು ರೋಗ ತರುವ ಜಂತುಹುಳುವನ್ನು ನಮ್ಮ ರೈತರು ಬಲ್ಲರು. ಆದರೆ ಅದೇ ಕುಲದಲ್ಲಿ ರೈತನ ಮಿತ್ರರೂ ಇದ್ದಾರೆ. 1992ರಲ್ಲಿ ವಿಜ್ಞಾನಿಗಳು ವಿವರಿಸಿದ, ಕೊಯಮತ್ತೂರಿನಲ್ಲಿ ದೊರೆತ ಹೆಟೆರೊರಾಬ್ಡೈಟಿಸ್ ಇಂಡಿಕಾ ಅಂಥದೊಂದು. ಕಣ್ಣಿಗೆ ಕಾಣದಷ್ಟು ಸಣ್ಣದಾದ ಇದರ ಮರಿ ಗೊಣ್ಣೆಹುಳುವಿನ ಬಾಯಿಯ ಮೂಲಕವೋ ಉಸಿರಾಟದ ರಂಧ್ರದ ಮೂಲಕವೋ ಒಳಹೊಕ್ಕು, ತನ್ನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾವನ್ನು ಹೊರಬಿಡುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಹುಳು ಸತ್ತು ಇಟ್ಟಿಗೆಯಂತೆ ಕೆಂಪಗಾಗುತ್ತದೆ. ಸತ್ತ ಹುಳುವಿನೊಳಗೆ ಬೆಳೆದ ಸಾವಿರಾರು ಮರಿಗಳು ಮತ್ತೆ ಬೇಟೆಗೆ ಹೊರಡುತ್ತವೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ಇದನ್ನು ಪುಡಿಯ ರೂಪದಲ್ಲಿ ರೈತರಿಗೆ ಒದಗಿಸುವ ವಿಧಾನವನ್ನು ಕಂಡುಹಿಡಿದಿದೆ.

“ವಿಷವಾದರೆ ಇಂದು ಹೊಡೆದರೆ ನಾಳೆ ಹುಳು ಬೀಳುತ್ತದೆ, ನಿಮ್ಮ ಕಣಜವನ್ನು ಕಾಯುತ್ತಾ ಕೂತರೆ ಸಾಲ ತೀರುವುದೇ?” ಎಂದು ಹಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ವಿಷವು ಶತ್ರುವಿನೊಡನೆ ಮಿತ್ರನನ್ನೂ ಕೊಲ್ಲುತ್ತದೆ. ಜೇಡ, ಗುಲಗಂಜಿ ಹುಳು, ಕಣಜಗಳೆಲ್ಲ ಸತ್ತ ಹೊಲದಲ್ಲಿ ಉಳಿದ ಹುಳುವನ್ನು ಕೇಳುವವರೇ ಇರುವುದಿಲ್ಲ. ಮತ್ತೆ ವಿಷ, ಮತ್ತೆ ಸಾಲ. ಪಕ್ಕದ ಹೊಲದ ಸಿಂಪಡಣೆ ಗಾಳಿಗೆ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ನೆರೆಯವರ ರೇಷ್ಮೆ ಬೆಳೆಯೂ ಹೋದಂತೆಯೇ.

ಹಾಗೆಂದು ಸಹಜವಾದದ್ದೆಲ್ಲ ಎಲ್ಲ ಕಡೆಯೂ ಹಿತವೆಂದು ತಿಳಿಯಬಾರದು. ಬವೇರಿಯಾ ಎಂಬ ಶಿಲೀಂಧ್ರವನ್ನು ಕೀಟನಾಶಕವಾಗಿ ಮಾರುತ್ತಾರೆ. ರೇಷ್ಮೆಹುಳುವಿಗೆ ಸುಣ್ಣಕಟ್ಟು ರೋಗ ತರುವುದೂ ಅದೇ! ಇಟಲಿಯ ಬಾಸ್ಸಿ ಎಂಬವರು ಇದನ್ನು 1835ರಷ್ಟು ಹಿಂದೆಯೇ ಪ್ರಕಟಿಸಿದ್ದರು. ರೇಷ್ಮೆ ಸಾಕುವ ಊರಿನಲ್ಲಿ ಅದನ್ನು ಬಳಸದಿರುವುದೇ ಲೇಸು. ಜಂತುಹುಳುವಾದರೋ ಒಣಮಣ್ಣಿನಲ್ಲಿ, ಬಿಸಿಲಿನಲ್ಲಿ ಬದುಕಲಾರದು. ನೀರಾವರಿ ತೋಟದಲ್ಲಿ, ಸಂಜೆಯ ಹೊತ್ತು, ಮಣ್ಣು ಹಸಿಯಿರುವಾಗ ಹಾಕಿದರೆ ಫಲವುಂಟು. ನಮ್ಮ ಬೆದ್ದಲು ಹೊಲಗಳಿಗೆ ಬೇರೆ ಉಪಾಯ ಬೇಕು. ಬೇಸಿಗೆಯಲ್ಲಿ ಆಳವಾಗಿ ಉತ್ತರೆ ಮಣ್ಣಿನೊಳಗಿನ ಕೋಶಗಳು ಮೇಲೆ ಬಂದು ಹಕ್ಕಿಗಳ ಪಾಲಾಗುತ್ತವೆ. ಮೊದಲ ಮಳೆಯ ಅನಂತರದ ಸಂಜೆಗಳಲ್ಲಿ ದೀಪದ ಬಲೆಯಿಟ್ಟರೆ ಪತಂಗಗಳು ಬಂದು ಬೀಳುತ್ತವೆ. ಬೇವಿನ ಮರಕ್ಕೆ ಮುತ್ತುವ ಗೊಣ್ಣೆಹುಳುವಿನ ದುಂಬಿಗಳನ್ನು ಕೊಂಬೆ ಅಲುಗಿಸಿ ಹಿಡಿದು ನಾಶಮಾಡಬಹುದು. ಆದರೆ ಒಬ್ಬನ ಹೊಲದಲ್ಲಿ ಮಾಡಿದರೆ ಸಾಲದು, ಊರೇ ಕೂಡಿ ಮಾಡಬೇಕು.

ಇಲ್ಲಿ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯವೂ ಇದೆ. ಆಂಧ್ರದಲ್ಲಿ ಕೃಷಿಯ ಕರಪತ್ರಗಳು ಬಹುಮಟ್ಟಿಗೆ ತೆಲುಗಿನಲ್ಲಿರುತ್ತವೆ. ಮನೆಯ ಹಿರಿಯರಲ್ಲಿ ಎಷ್ಟೋ ಮಂದಿಗೆ ಓದಲು ಬರುವುದು ಕನ್ನಡವೊಂದೇ. ಎರಡನ್ನೂ ಕಲಿಯುತ್ತಿರುವ ನಾವು ಆ ಕರಪತ್ರಗಳನ್ನು ಓದಿ ಹೇಳಬೇಡವೇ? ಡಬ್ಬಿಯ ಮೇಲಿನ ಕೆಂಪು ಗುರುತು ಅತ್ಯಂತ ಘೋರ ವಿಷದ ಗುರುತೆಂಬುದನ್ನು ತಿಳಿಸಬೇಡವೇ? ವಿಜ್ಞಾನದ ತರಗತಿಯಲ್ಲಿ ಕಪ್ಪೆಯ ಚಿತ್ರ ಬರೆಯುವಂತೆಯೇ ಹೊಲದ ಹತ್ತು ಶತ್ರುಗಳನ್ನೂ ಹತ್ತು ಮಿತ್ರರನ್ನೂ ಗುರುತಿಸಲು ಕಲಿಯಬೇಕು.

ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೇ. ವಿಷವು ಕಡೆಯ ಉಪಾಯವಾಗಲಿ, ಮೊದಲನೆಯದಾಗದಿರಲಿ. ಸಿಂಪಡಿಸುವ ಮುನ್ನ ಒಮ್ಮೆ ಹೊಲದಲ್ಲಿ ಬಗ್ಗಿ ನೋಡಿರಿ. ಎಲೆಯ ಕೆಳಗೆ ನಿಮ್ಮ ಪರವಾಗಿ ದುಡಿಯುತ್ತಿರುವ ಕೂಲಿ ಕೇಳದ ಆಳುಗಳಿರಬಹುದು. ಅವರನ್ನು ಕೊಂದು ನಾವು ಬದುಕಲಾರೆವು.