ಕಲರ್ ಶೀಟಿಗೆ ಯಾವ ಕಲರ್?

ತಿಪಟೂರಿನ ಸುತ್ತಮುತ್ತ ಯಾವ ಊರಿಗಾದ್ರೂ ಹೋಗಿ, ತೆಂಗಿನ ತೋಟಗಳ ಮಧ್ಯೆ ಮನೆಗಳ ಮೇಲ್ಛಾವಣಿ ನೋಡಿ. ಮೊದಲೆಲ್ಲಾ ಮಂಗಳೂರು ಹೆಂಚು ಇರ್ತಿತ್ತು. ಈಗ ಹೆಂಚು ಇಳಿಸಿ ಕಲರ್ ಶೀಟು ಹಾಕಿಸ್ತಿದ್ದಾರೆ. ನಮ್ಮ ನೊಣವಿನಕೆರೆಯೂ ಇದಕ್ಕೆ ಹೊರತಲ್ಲ. ಅದರಲ್ಲೂ ಹೆಚ್ಚಿನವರು ಹಾಕಿಸೋದು ಕೆಂಪು, ಇಲ್ಲಾ ಕಡು ಹಸಿರು, ಇಲ್ಲಾ ಕಡು ನೀಲಿ. ನನ್ನ ತಕರಾರು ಇರೋದು ಶೀಟಿನ ಬಗ್ಗೆ ಅಲ್ಲ, ಈ ಬಣ್ಣಗಳ ಬಗ್ಗೆ.

ಶೀಟು ಯಾಕೆ ಹಾಕಿಸ್ತಾರೆ ಅನ್ನೋದು ಹಳ್ಳಿ ಮನೇಲಿ ಇದ್ದವರಿಗೆಲ್ಲಾ ಗೊತ್ತು. ಕೋತಿಗಳು ಒಂದು ಸಲ ಹೆಂಚಿನ ಮೇಲೆ ಓಡಾಡಿದ್ರೆ ಸಾಕು, ಹತ್ತು ಹೆಂಚು ಹೋಯ್ತು. ಒಣಗಿದ ಗರಿ ಬಿದ್ರೆ ಇನ್ನೆರಡು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು, ಆ ಕೆಲಸಕ್ಕೆ ಜನ ಸಿಗಲ್ಲ. ಹಾಗಾಗಿ "ಅಯ್ಯೋ ಹಳೇ ಹೆಂಚಿನ ಮನೆಗಳೆಲ್ಲಾ ಹೋದ್ವಲ್ಲಾ" ಅಂತ ಬೆಂಗಳೂರಲ್ಲಿ ಕೂತು ಕಣ್ಣೀರು ಹಾಕೋ ಜಾತಿಯವನಲ್ಲ ನಾನು. ಸೋರೋದು ಅವರ ತಲೆ ಮೇಲೆ, ನನ್ನ ತಲೆ ಮೇಲಲ್ಲ.

ಈಗ ನಮ್ಮ ದೊಡ್ಡಪ್ಪನ ಮನೆ ಸರದಿ. ಇಟ್ಟಿಗೆ ಗೋಡೆಯ ಮನೆ, ಮೇಲೆ ಹೆಂಚು. ಅಂಗಡಿಯವರು ಬಣ್ಣದ ಕಾರ್ಡು ಕೊಟ್ಟಿದ್ದರು. ಮನೆಯವರೆಲ್ಲಾ ಬೆರಳಿಟ್ಟಿದ್ದು ಇಟ್ಟಿಗೆ ಕೆಂಪಿನ ಮೇಲೆ. ಗೋಡೆಗೂ ಹೊಂದುತ್ತೆ, ಹೆಂಚು ಇದ್ದ ಹಾಗೇ ಕಾಣುತ್ತೆ ಅಂತ. ಬಿಳಿ ಅಥವಾ ಕೆನೆ ಬಣ್ಣ ಹಾಕ್ಸಿ ಅಂದಿದ್ದು ನಾನೊಬ್ಬನೇ. ದೊಡ್ಡಪ್ಪ ಒಂದೇ ಮಾತಲ್ಲಿ ಮುಗಿಸಿದ್ರು: "ಬಿಳಿ ಶೀಟ್ ಹಾಕಿದ್ರೆ ಮನೆ ಕೋಳಿ ಫಾರಂ ಕಂಡಂಗೆ ಕಾಣ್ತದೆ ಕಣಪ್ಪಾ."

ಆ ಮಾತಲ್ಲಿ ಸತ್ಯ ಇದೆ, ಇಲ್ಲ ಅನ್ನಲ್ಲ. ಆದ್ರೆ ಹೆಂಚಿನ ಮನೆ ತಂಪಾಗಿದ್ದದ್ದು ಅದು ಕೆಂಪಗಿತ್ತು ಅಂತ ಅಲ್ಲ. ಹೆಂಚು ಅಂದ್ರೆ ಸುಟ್ಟ ಮಣ್ಣು. ದಪ್ಪ ಇರುತ್ತೆ, ಬೇಗ ಕಾಯಲ್ಲ. ಹೆಂಚು ಹೆಂಚಿನ ನಡುವೆ ಸಂದಿ ಇರುತ್ತೆ, ಒಳಗಿನ ಬಿಸಿ ಗಾಳಿ ಆ ಸಂದೀಲೇ ಆಚೆ ಹೋಗುತ್ತೆ. ಮಳೆ ನೀರು ಹೀರಿಕೊಂಡಿದ್ದು ಆರುವಾಗ ಇನ್ನಷ್ಟು ತಂಪು. ಕಲರ್ ಶೀಟಿಗೆ ಇದ್ಯಾವುದೂ ಇಲ್ಲ. ಅರ್ಧ ಮಿಲಿಮೀಟರ್ ಆಸುಪಾಸಿನ ತಗಡು, ಸಂದಿ ಇಲ್ಲ, ನೀರು ಹೀರಲ್ಲ. ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೇ ಒಳಮೈ ಕಾಯುತ್ತೆ. ಅಲ್ಲಿಗೆ ನಾವು ಹೆಂಚಿನ ಬಣ್ಣ ಮಾತ್ರ ಉಳಿಸಿಕೊಂಡು, ಅದರ ಗುಣ ಬಿಟ್ಟ ಹಾಗಾಯ್ತು.

ಸ್ವಲ್ಪ ಲೆಕ್ಕ ಮಾಡೋಣ (ಸಾಫ್ಟ್‌ವೇರಿನವರ ಚಟ, ಕ್ಷಮಿಸಿ). ಬೇಸಿಗೆ ನಡುಮಧ್ಯಾಹ್ನ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತೆ. 30x40 ಅಡಿಯ ಮಾಡು ಅಂದ್ರೆ 1200 ಚದರ ಅಡಿ, ಅಂದಾಜು 111 ಚದರ ಮೀಟರ್. ಅಂದ್ರೆ ಸಾವಿರ ವ್ಯಾಟಿನ 111 ಇಸ್ತ್ರಿ ಪೆಟ್ಟಿಗೆ ಮನೆ ಮೇಲೆ ಇಟ್ಟ ಹಾಗೆ! ಮಾಮೂಲಿ ಕಡು ಬಣ್ಣದ ಶೀಟು ಇದರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಭಾಗ ಹೀರಿಕೊಳ್ಳುತ್ತೆ. ಒಳ್ಳೇ ಬಿಳಿ ಶೀಟು ಹೊಸದಾಗಿದ್ದಾಗ ಹೀರೋದು ಮೂರನೇ ಒಂದು ಭಾಗದಷ್ಟು. ಒಂದು ಕಡೆ 83 ಇಸ್ತ್ರಿ ಪೆಟ್ಟಿಗೆ, ಇನ್ನೊಂದು ಕಡೆ 37. ಹೀರಿದ್ದೆಲ್ಲಾ ಮನೆಯೊಳಗೇ ಬರಲ್ಲ, ಸುಮಾರು ಪಾಲು ಗಾಳಿಗೆ ಹೋಗುತ್ತೆ. ಆದ್ರೂ ವ್ಯತ್ಯಾಸ ವ್ಯತ್ಯಾಸವೇ. ಇದಕ್ಕೆ ಹೆಚ್ಚು ಖರ್ಚೂ ಇಲ್ಲ, ಕಾರ್ಡಲ್ಲಿ ಬೇರೆ ಚೌಕದ ಮೇಲೆ ಬೆರಳಿಟ್ರೆ ಆಯ್ತು.

ಗೂಗಲ್ ಮಾಡಿದ್ರೆ ಅಮೆರಿಕಾದ ಸಲಹೆಗಳು ರಾಶಿ ರಾಶಿ ಸಿಗ್ತವೆ. ಕೆಂಪು ಇಟ್ಟಿಗೆಗೆ ಇದ್ದಿಲು ಬೂದಿ ಚೆಂದ, ಕಪ್ಪು ಚೆಂದ, ಹೀಗೆ. ಹಿಮ ಬೀಳೋ ಊರಲ್ಲಿ ಕಪ್ಪು ಮಾಡು ಚಳಿಗಾಲಕ್ಕೆ ಸ್ವಲ್ಪ ಅನುಕೂಲವೇ ಇರಬಹುದು. ನಮ್ಮದು ಹಾಗಲ್ಲವಲ್ಲ. ಬೆಂಗಳೂರಲ್ಲಿ ಏಪ್ರಿಲ್ 24ರ ಆಸುಪಾಸು, ಆಮೇಲೆ ಆಗಸ್ಟ್ 18ರ ಆಸುಪಾಸು 'ಶೂನ್ಯ ನೆರಳಿನ ದಿನ' ಅಂತ ಮಾಡ್ತಾರೆ, ಗೊತ್ತಲ್ಲ? ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲಿರ್ತಾನೆ. ನೊಣವಿನಕೆರೆ ಹೆಚ್ಚೂಕಡಿಮೆ ಅದೇ ಅಕ್ಷಾಂಶದಲ್ಲಿದೆ. ಇಲ್ಲಿ ಬಿಸಿಲಿನ ಪೂರ್ತಿ ಏಟು ತಿನ್ನೋದು ಗೋಡೆಗಿಂತ ಮಾಡು. ಪಕ್ಕದ ತೆಲಂಗಾಣದವರು 2023ರಲ್ಲಿ ತಂಪು ಛಾವಣಿಗೆ ಅಂತಲೇ ಒಂದು ನೀತಿ ತಂದ್ರು. ಅಹಮದಾಬಾದಿನಲ್ಲಿ 2017ರಲ್ಲೇ ಬಡವರ ಮನೆಗಳ ಮಾಡಿಗೆ ಬಿಳಿ ಬಳಿಯೋ ಕಾರ್ಯಕ್ರಮ ಶುರುವಾಗಿತ್ತು. ಇದೇನೂ ನನ್ನೊಬ್ಬನ ಹುಚ್ಚಲ್ಲ.

ಇನ್ನು ಆಕ್ಷೇಪಣೆಗಳು. "ಬಿಳಿ ಬೇಗ ಕೊಳೆ ಆಗುತ್ತೆ." ಹೌದು, ಆಗುತ್ತೆ. ಕೊಳೆ ಕೂತಷ್ಟೂ ಲಾಭ ಸ್ವಲ್ಪ ಕಮ್ಮಿಯಾಗುತ್ತೆ, ಮಳೆ ಬಂದ್ರೆ ಒಂದಷ್ಟು ತೊಳೆದುಹೋಗುತ್ತೆ. ಕಡು ಬಣ್ಣಗಳ ಕಥೆ ಬೇರೆ: ಬಿಸಿಲಿಗೆ ಮಂಕಾಗೋದು ಅವುಗಳಲ್ಲೇ ಎದ್ದು ಕಾಣೋದು. "ಜಿಂಕ್ ಶೀಟೂ ಹೊಳೆಯುತ್ತಲ್ಲ, ಅದೇ ಸಾಕಲ್ವಾ?" ಸಾಲದು. ಬಣ್ಣ ಇಲ್ಲದ ತಗಡು ಬಿಸಿಲನ್ನ ಹಿಂದಕ್ಕೆ ಹೊಡೆಯುತ್ತೆ ನಿಜ, ಆದ್ರೆ ಹೀರಿದ ಬಿಸಿಯನ್ನ ಬೇಗ ಬಿಟ್ಟುಕೊಡಲ್ಲ. ಬಣ್ಣದ ಮೈ ಬಿಟ್ಟುಕೊಡುತ್ತೆ.

ನಮ್ಮ ಸೀಮೆಯದೇ ಒಂದು ಪ್ರಶ್ನೆ ನಮ್ಮ ಅತ್ತೆ ಎತ್ತಿದ್ರು. "ಕೊಬ್ಬರಿಗೆ ಬಿಸಿ ಬೇಡ್ವೇನೋ?" ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇದ್ದು ಉಂಡೆ ಕೊಬ್ಬರಿ ಆಗಬೇಕು, ಸರಿ. ಆದ್ರೆ ದೊಡ್ಡಪ್ಪನ ಮನೇಲಿ ಕೊಬ್ಬರಿ ಕೋಣೆ ಹಿಂದೆ ಬೇರೆನೇ ಇದೆ. ಅದಕ್ಕೆ ಯಾವ ಬಣ್ಣನಾದ್ರೂ ಹಾಕ್ಲಿ. ನಡುಮನೇಲಿ ಮಧ್ಯಾಹ್ನ ಮಲಗೋದು ಎಂಬತ್ತು ದಾಟಿದ ಅಜ್ಜಿ. ಒಣಗಬೇಕಾದ್ದು ಕಾಯಿ, ಅಜ್ಜಿ ಅಲ್ಲ :)

ನಾನು ಹೇಳೋದು ಇಷ್ಟೆ. ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಶೀಟಿನ 'ಎಸ್‌ಆರ್‌ಐ' ಎಷ್ಟು ಅಂತ. ಮಾದರಿ ಕಪ್ಪಿಗೆ 0, ಮಾದರಿ ಬಿಳಿಗೆ 100 ಅಂತ ಇಟ್ಟುಕೊಂಡು, ಬಿಸಿಲಲ್ಲಿ ಮಾಡು ಎಷ್ಟು ತಂಪಾಗಿರುತ್ತೆ ಅಂತ ಹೇಳೋ ಅಂಕಿ ಅದು. ಕಣ್ಣಿಗೆ ಕಾಣದ ಬಿಸಿಲನ್ನ ಹಿಂದಕ್ಕೆ ಕಳಿಸೋ ವಿಶೇಷ ಕೆಂಪೂ ತಯಾರಾಗುತ್ತೆ. ಕೆಂಪೇ ಬೇಕು ಅನ್ನೋರು ಅಂಥದ್ದನ್ನ ಕೇಳಿ. ಅಂಗಡಿಯವರಿಗೆ ಅಂಕಿ ಗೊತ್ತಿಲ್ಲಾಂದ್ರೆ ಕಾರ್ಡಿನಲ್ಲಿ ಎಲ್ಲಕ್ಕಿಂತ ತಿಳಿ ಬಣ್ಣ ತಗೊಳ್ಳಿ. ಕೋಳಿ ಫಾರಂ ಭಯ ಇದ್ರೆ ಅಚ್ಚ ಬಿಳಿ ಬದಲು ಕೆನೆ ಬಣ್ಣ ಹಾಕಿ, ಅಂಚಿಗೆ ಕೆಂಪು ಪಟ್ಟಿ ಕೊಡಿಸಿ. ಇಟ್ಟಿಗೆ ಗೋಡೆ ಮೇಲೆ ಅದು ನಿಜಕ್ಕೂ ಚೆಂದ ಕಾಣುತ್ತೆ. ಆಗಲೇ ಕಡು ಬಣ್ಣ ಹಾಕಿಸಿದ್ದೀರಾ? ಮೇಲೆ ಬಳಿಯೋ ಬಿಳಿ ತಂಪು ಪೇಂಟೂ ಸಿಗುತ್ತೆ. ಹಾಂ, ಬಣ್ಣ ಒಂದರಿಂದಲೇ ಎಲ್ಲಾ ಆಗಲ್ಲ. ಕೆಳಗೊಂದು ಸೀಲಿಂಗು, ಬಿಸಿ ಗಾಳಿ ಹೋಗೋಕೆ ಎತ್ತರದಲ್ಲಿ ಕಿಂಡಿ, ಎರಡೂ ಬೇಕು.

ಮಾಡಿನ ಬಣ್ಣ ಮನೆಯವರಿಗೆ ಕಾಣೋದೇ ಇಲ್ಲ, ಕಾಣೋದು ರಸ್ತೇಲಿ ಹೋಗೋರಿಗೆ. ಮನೆಯವರಿಗೆ ಸಿಗೋದು ಅದರ ಕೆಳಗಿನ ಶಾಖ. ದಾರೀಲಿ ಹೋಗೋರ ಒಂದು ನಿಮಿಷದ ಮೆಚ್ಚುಗೆಗೆ ಅಷ್ಟೂ ಬೇಸಿಗೆ ಬೇಯಬೇಕಾ? ನೀವೇನಂತೀರಿ?